ನಿದ್ದೆಯ ಲೆಕ್ಕ ಬರೆಯುವ ಕೈಗಡಿಯಾರ

ಈ ಹದಿನೈದು ದಿನದ ಟಪಾಲಿನಲ್ಲೂ ಎಂದಿನಂತೆ ಉಪ್ಪಿನಕಾಯಿಗೆ ಬೂಷ್ಟು ಬಂದದ್ದು, ಸಂಡಿಗೆ ಅರಳದೇ ಇದ್ದದ್ದು, ಮಕ್ಕಳು ತರಕಾರಿ ತಿನ್ನದೇ ಇರುವುದು ಇವೇ ಹೆಚ್ಚು. ಅವುಗಳ ನಡುವೆ ಸ್ವಲ್ಪ ಬೇರೆ ಥರದ ಪತ್ರವೊಂದಿತ್ತು. ಬರೆದಾಕೆ ಒಂದು ತಾಲ್ಲೂಕು ಪಟ್ಟಣದ ಗೃಹಿಣಿ, ವಯಸ್ಸು ನಲವತ್ತೇಳು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರು ಬರೆದದ್ದು ಇಷ್ಟು: "ಮಗ ದೀಪಾವಳಿಗೆ ಬಂದಾಗ ಸ್ಮಾರ್ಟ್ ವಾಚ್ ತಂದುಕೊಟ್ಟ. ಪೆಟ್ಟಿಗೆ ಮೇಲೆ ಏಳು ದಿನ ಬ್ಯಾಟರಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ನನಗೆ ಮೂರನೇ ದಿನ ಬೆಳಗ್ಗೆಯೇ ಕಣ್ಣು ಮುಚ್ಚಿಬಿಡುತ್ತೆ. ಮಗನನ್ನ ಕೇಳಿದರೆ, ರಾತ್ರಿ ಯಾಕಮ್ಮ ಕಟ್ಟಿಕೊಂಡು ಮಲಗ್ತೀಯ, ಬಿಚ್ಚಿ ಚಾರ್ಜಿಗೆ ಹಾಕು ಅಂತಾನೆ. ನನಗೆ ಬೇಕಾಗಿರೋದೇ ರಾತ್ರಿಯ ಲೆಕ್ಕ. ನಿದ್ದೆ ಬರಲ್ಲ ಅಂತ ಆರು ವರ್ಷದಿಂದ ಹೇಳ್ತಾನೇ ಇದ್ದೀನಿ. ಹಗಲೆಲ್ಲ ಓಡಾಡ್ತೀಯಲ್ಲ, ನಿದ್ದೆ ಇಲ್ಲದೆ ಹೇಗಾಗುತ್ತೆ ಅಂತಾರೆ ಎಲ್ಲರೂ. ವಾಚು ತೋರಿಸಿದರೆ ನಂಬ್ತಾರೆ ಅಂದುಕೊಂಡೆ."

ಈ ಕೊನೆಯ ಸಾಲನ್ನು ಓದಿದಾಗ ನಿಮಗೂ ಒಳಗೆಲ್ಲೋ ಚುರ್ರೆಂದಿರಬೇಕು. ಮನೆಯವರೆಲ್ಲ ಮಲಗಿದ ಮೇಲೆ ಮಲಗಿ, ಅವರು ಏಳುವ ಮೊದಲೇ ಏಳುವವಳ ನಿದ್ದೆಗೆ ಸಾಕ್ಷಿ ಯಾರು, ಹೇಳಿ? ಹಾಗಾಗಿ ಇದನ್ನು ಬರೀ ಬ್ಯಾಟರಿಯ ತಕರಾರು ಅಂತ ತಳ್ಳಿಹಾಕಲಿಕ್ಕಿಲ್ಲ. ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಅದು ಕಷ್ಟದ್ದು, ಆಮೇಲೆ ನೋಡೋಣ. ಮೊದಲು ಸುಲಭದ್ದು, ಬ್ಯಾಟರಿ.

ಕೀಲಿ ಕೊಡುವ ಕೈಗಡಿಯಾರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚು ಮಾಡಲು ಶುರುಮಾಡಿತು. ಆ 'ಜನತಾ' ವಾಚಿಗೆ ದಿನಾ ಬೆಳಗ್ಗೆ ಸ್ನಾನ ಆದ ಮೇಲೆ ಕೀಲಿ ಕೊಡುವುದು ಯಜಮಾನರ ಒಂದು ವ್ರತವೇ ಆಗಿತ್ತು. ಆಮೇಲೆ ಬಂದವು ಕ್ವಾರ್ಟ್ಜ್ ವಾಚುಗಳು. ಗುಂಡಿಯಷ್ಟು ದೊಡ್ಡ ಒಂದು ಸೆಲ್ಲು ಹಾಕಿದರೆ ಒಂದೆರಡು ವರ್ಷ ಯೋಚನೆಯೇ ಇಲ್ಲ. ಯಾಕೆಂದರೆ ಅದಕ್ಕೆ ಮುಳ್ಳು ತಿರುಗಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಈಗಿನ ಸ್ಮಾರ್ಟ್ ವಾಚಿಗೆ ಹತ್ತು ಕೆಲಸ: ದೀಪ ಉರಿಸಬೇಕು, ನಾಡಿ ನೋಡಬೇಕು, ಫೋನಿನ ಜೊತೆ ಮಾತಾಡಬೇಕು, ನಡುಗಬೇಕು, ರಾತ್ರಿ ಕಾವಲೂ ಕೂರಬೇಕು. ಅದರ ಹೊಟ್ಟೆಯಾದರೋ ಚಿಕ್ಕದು. ಈಗಿನ ಮೊಬೈಲಿನ ಬ್ಯಾಟರಿ ಸುಮಾರು 5000 ಮಿಲಿಆಂಪಿಯರ್ ಅವರ್ ಇದ್ದರೆ, ವಾಚಿನದ್ದು 300ರ ಆಸುಪಾಸು. ಮೊಬೈಲು ಮಹಡಿ ಮೇಲಿನ ಟ್ಯಾಂಕು ಅಂದುಕೊಂಡರೆ, ವಾಚು ಒಂದು ಚೊಂಬು! ನಲ್ಲಿ ಒಂದೇ ಒಂದು ಸುತ್ತು ಸಡಿಲವಾದರೂ ಚೊಂಬು ಬೇಗ ಬರಿದಾಗುತ್ತದೆ.

ಹಾಗಾದರೆ ರಾತ್ರಿ ಯಾವ ನಲ್ಲಿ ಸೋರುತ್ತಿದೆ?

ನಿದ್ದೆಯನ್ನು ವಾಚು ಎರಡು ರೀತಿಯಲ್ಲಿ ನೋಡುತ್ತದೆ. ಒಂದು, ಕೈಯ ಚಲನೆ. ಒಳಗಿರುವ ಅಕ್ಕಿಕಾಳಿನಷ್ಟು ಸಣ್ಣ ಭಾಗವೊಂದು ಕೈ ಅಲುಗಿದ್ದನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ಕೈ ಬಹಳ ಹೊತ್ತು ಅಲುಗದಿದ್ದರೆ 'ಮಲಗಿದ್ದಾರೆ' ಎಂದು ಬರೆದುಕೊಳ್ಳುತ್ತದೆ. ಇದಕ್ಕೆ ಖರ್ಚಾಗುವ ವಿದ್ಯುತ್ತು ಅತ್ಯಲ್ಪ. ಎರಡನೆಯದು ಬೆಳಕು. ವಾಚನ್ನು ಬಿಚ್ಚಿ ಬೆನ್ನು ನೋಡಿ, ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಎದೆ ಒಂದು ಸಲ ಬಡಿದಾಗ ಮಣಿಕಟ್ಟಿಗೆ ರಕ್ತ ಹೆಚ್ಚು ಬರುತ್ತದೆ, ಆಗ ಹಿಂದಿರುಗುವ ಬೆಳಕು ಕಮ್ಮಿ. ಎರಡು ಬಡಿತಗಳ ನಡುವೆ ರಕ್ತ ಕಮ್ಮಿ, ಬೆಳಕು ಹೆಚ್ಚು. ಈ ಏರಿಳಿತವನ್ನು ಎಣಿಸಿ ಅದು ನಾಡಿ ಹೇಳುತ್ತದೆ. ನಮ್ಮ ಪಂಡಿತರು ಬೆರಳಿಟ್ಟು ನೋಡುತ್ತಿದ್ದುದನ್ನು ಇದು ದೀಪ ಹಿಡಿದು ನೋಡುತ್ತದೆ, ಅಷ್ಟೇ. ಆದರೆ ದೀಪ ಅಂದಮೇಲೆ ಎಣ್ಣೆ ಬೇಕಲ್ಲ!

ಇವೆರಡರ ಖರ್ಚಿನಲ್ಲಿ ಎಷ್ಟು ವ್ಯತ್ಯಾಸ ಎನ್ನುವುದಕ್ಕೆ ಒಂದು ಉದಾಹರಣೆ. 2014ರಲ್ಲಿ ಚೀನಾದ ಶಿಯೋಮಿ ಕಂಪನಿ 'ಮಿ ಬ್ಯಾಂಡ್' ಎಂಬ ಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಪರದೆ ಇರಲಿಲ್ಲ, ಹಸಿರು ದೀಪವೂ ಇರಲಿಲ್ಲ. ಕೈಯ ಚಲನೆಯಿಂದಲೇ ನಿದ್ದೆಯ ಲೆಕ್ಕ ಹಾಕುತ್ತಿತ್ತು. ಬ್ಯಾಟರಿ ಕೇವಲ 41 ಮಿಲಿಆಂಪಿಯರ್ ಅವರ್, ಆದರೂ ಒಂದು ತಿಂಗಳು ಬರುತ್ತದೆ ಎಂದು ಕಂಪನಿ ಹೇಳಿತ್ತು. ಅದೇ ಕಂಪನಿಯ 2024ರ 'ಸ್ಮಾರ್ಟ್ ಬ್ಯಾಂಡ್ 9' ನೋಡಿ. ಬ್ಯಾಟರಿ 233, ಅಂದರೆ ಐದು ಪಟ್ಟಿಗಿಂತ ಹೆಚ್ಚು. ಹೇಳುವ ದಿನಗಳು ಮಾತ್ರ 21. ಹೊಟ್ಟೆ ದೊಡ್ಡದಾದರೂ ಉಣ್ಣುವ ಬಾಯಿಗಳು ಜಾಸ್ತಿಯಾದವು. ಇನ್ನು ಆಪಲ್ ಕಂಪನಿಯ ದುಬಾರಿ ವಾಚು 2015ರಲ್ಲಿ ಬಂದಾಗ ಹೇಳಿದ್ದು 18 ತಾಸು. ರಾತ್ರಿ ಬಿಚ್ಚಿ ಚಾರ್ಜಿಗೆ ಹಾಕುವುದೇ ಅದರ ಕ್ರಮವಾಗಿತ್ತು. ನಿದ್ದೆ ನೋಡುವ ಸೌಕರ್ಯವನ್ನು ಆ ವಾಚಿಗೆ ಕಂಪನಿಯೇ ಸೇರಿಸಿದ್ದು 2020ರಲ್ಲಿ. ಹಣ ಹೆಚ್ಚು ಕೊಟ್ಟರೆ ಬ್ಯಾಟರಿ ಹೆಚ್ಚು ದಿನ ಬರುತ್ತದೆ ಅನ್ನುವ ಹಾಗಿಲ್ಲ ನೋಡಿ.

ಹಸಿರು ದೀಪಕ್ಕೆ ಜೊತೆಯಾಗಿ ಇನ್ನೊಂದಿದೆ, ಕೆಂಪು ದೀಪ. ಇದು ರಕ್ತದಲ್ಲಿನ ಆಮ್ಲಜನಕ ನೋಡುವುದಕ್ಕೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದೆವಲ್ಲ, ಆ ಕ್ಲಿಪ್ಪಿನ ತತ್ವವೇ. ವಾಚಿನಲ್ಲಿ ಇದನ್ನು 'ಎಸ್‌ಪಿಓ-2' ಅಂತಲೋ 'ಬ್ಲಡ್ ಆಕ್ಸಿಜನ್' ಅಂತಲೋ ಕರೆದಿರುತ್ತಾರೆ. ರಾತ್ರಿಯಿಡೀ ಇದನ್ನು ನೋಡುತ್ತಿರು ಅಂತ ವಾಚಿಗೆ ಹೇಳಿಟ್ಟಿದ್ದರೆ ಬ್ಯಾಟರಿ ಬೇಗ ಕರಗುತ್ತದೆ. ಇದನ್ನು ಕಂಪನಿಗಳೇ ಒಪ್ಪಿಕೊಳ್ಳುತ್ತವೆ, ಆದರೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಪೆಟ್ಟಿಗೆಯ ಮೇಲಿನ 'ಏಳು ದಿನ'ದ ಪಕ್ಕ ಒಂದು ನಕ್ಷತ್ರದ ಗುರುತು ಇರುತ್ತದೆ. ಅದರ ಅಡಿಟಿಪ್ಪಣಿ ಓದಿ. ಯಾವುದೆಲ್ಲ ಬಂದ್ ಮಾಡಿಟ್ಟು ಆ ಏಳು ದಿನ ಎಣಿಸಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಸೀರೆ ಅಂಗಡಿಯ 'ಶೇಕಡ 70ರವರೆಗೆ ರಿಯಾಯಿತಿ' ಬೋರ್ಡು ಓದಿ ಅಭ್ಯಾಸವಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?

ಈಗ ಒಂದು ಪರೀಕ್ಷೆ ಹೇಳುತ್ತೇನೆ, ಮಾಡಿ ನೋಡಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ಸಾಕು. ಮಲಗುವಾಗ ಬ್ಯಾಟರಿ ಶೇಕಡ ಎಷ್ಟಿದೆ, ಎದ್ದಾಗ ಎಷ್ಟಿದೆ ಬರೆಯಿರಿ. ಮೂರು ರಾತ್ರಿ ಈಗ ಇರುವ ಹಾಗೆಯೇ ಬಿಡಿ. ಮುಂದಿನ ಮೂರು ರಾತ್ರಿ ಆಮ್ಲಜನಕದ ನಿಗಾ ಮಾತ್ರ ಬಂದ್ ಮಾಡಿ. ಆಮೇಲೆ ಮೂರು ರಾತ್ರಿ ನಾಡಿ ನೋಡುವುದನ್ನೂ 'ಸದಾಕಾಲ' ಅನ್ನುವುದರಿಂದ 'ಹತ್ತು ನಿಮಿಷಕ್ಕೊಮ್ಮೆ' ಅನ್ನುವುದಕ್ಕೆ ಇಳಿಸಿ. ಒಂಬತ್ತು ದಿನದಲ್ಲಿ ನಿಮ್ಮ ವಾಚಿನ ಗುಟ್ಟು ನಿಮ್ಮ ಕೈಯಲ್ಲಿ. ಉದಾಹರಣೆಗೆ ಹಗಲಿಗೆ ಶೇಕಡ 10, ರಾತ್ರಿಗೆ 14 ಖರ್ಚಾಗುತ್ತಿದೆ ಅನ್ನಿ. ದಿನಕ್ಕೆ 24 ಆಯಿತು, ನಾಲ್ಕು ದಿನಕ್ಕೆ ಖಾಲಿ. ರಾತ್ರಿಯದ್ದು 5ಕ್ಕೆ ಇಳಿದರೆ ದಿನಕ್ಕೆ 15, ಆರೂವರೆ ದಿನ ಬಂದೀತು. ನಿದ್ದೆಯ ಲೆಕ್ಕ ಬಿಡಬೇಕಾಗಿಯೇ ಇಲ್ಲ. ಅದರ ಜೊತೆ ಸದ್ದಿಲ್ಲದೆ ಊಟಕ್ಕೆ ಕೂತವರನ್ನು ಎಬ್ಬಿಸಿದರೆ ಸಾಕು.

ಇನ್ನೂ ಕೆಲವು ಕಳ್ಳ ನಲ್ಲಿಗಳಿವೆ. ಕೈ ಎತ್ತಿದರೆ ಪರದೆ ಹೊತ್ತಿಕೊಳ್ಳುವ ಸೌಕರ್ಯ ಹಗಲಿಗೆ ಚೆನ್ನ. ರಾತ್ರಿ ನೀವು ಮಗ್ಗುಲು ಬದಲಾಯಿಸಿದಾಗೆಲ್ಲ, ಹೊದಿಕೆ ಎಳೆದುಕೊಂಡಾಗೆಲ್ಲ ಅದು 'ಕೈ ಎತ್ತಿದರು' ಅಂತ ದೀಪ ಹಾಕುತ್ತದೆ. ಬ್ಯಾಟರಿಗೂ ನಷ್ಟ, ಪಕ್ಕದಲ್ಲಿ ಮಲಗಿದವರ ಕಣ್ಣಿಗೂ ಕಾಟ. ಜೊತೆಗೆ ವಾಟ್ಸಾಪ್ ಗುಂಪುಗಳು! ತವರು ಮನೆಯದೊಂದು, ಗಂಡನ ಮನೆಯದೊಂದು, ಭಜನಾ ಮಂಡಳಿಯದೊಂದು. ನಡುರಾತ್ರಿ ದುಬೈಯಲ್ಲಿರುವ ಭಾವಮೈದುನ 'ಶುಭರಾತ್ರಿ' ಹೂವು ಕಳಿಸಿದರೆ ನಿಮ್ಮ ಮಣಿಕಟ್ಟು ಗುರ್ ಎನ್ನುತ್ತದೆ. 'ಸ್ಲೀಪ್ ಮೋಡ್' ಅಥವಾ 'ಡು ನಾಟ್ ಡಿಸ್ಟರ್ಬ್' ಅನ್ನುವುದನ್ನು ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ತಾನೇ ಶುರುವಾಗುವಂತೆ ಇಡಿ. ಬಹುತೇಕ ವಾಚುಗಳಲ್ಲಿ ಎರಡು ಕಾಟಗಳೂ ಒಟ್ಟಿಗೇ ನಿಲ್ಲುತ್ತವೆ. ವಾಚಿನಿಂದಲೇ ಕರೆ ಮಾಡುವ ಸೌಕರ್ಯ ಬೇಡವಾದರೆ ಅದನ್ನೂ ಮುಚ್ಚಿ. ಕಡಿಮೆ ಬೆಲೆಯ ವಾಚುಗಳ ಬ್ಯಾಟರಿ ತಿನ್ನುವುದರಲ್ಲಿ ಅದಕ್ಕೇ ಮೊದಲ ಸ್ಥಾನ. ನಿದ್ದೆಯ ಲೆಕ್ಕಕ್ಕೆ ಫೋನು ತಲೆದಿಂಬಿನ ಕೆಳಗಿರಬೇಕು ಎಂದು ಕೆಲವರು ತಿಳಿದಿದ್ದಾರೆ. ಬೇಕಿಲ್ಲ. ವಾಚು ರಾತ್ರಿಯ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡು ಬೆಳಗ್ಗೆ ಫೋನಿಗೆ ಒಪ್ಪಿಸುತ್ತದೆ. ಫೋನು ನಡುಮನೆಯಲ್ಲಿ ಮಲಗಲಿ.

ಕಟ್ಟಿಕೊಳ್ಳುವ ರೀತಿಯೂ ಮುಖ್ಯ. ಬಳೆಗಳ ಮಧ್ಯೆ ಸಡಿಲವಾಗಿ ಜೋತಾಡುತ್ತಿದ್ದರೆ ಬೆಳಕು ಸಂದಿಯಿಂದ ಸೋರಿ ಲೆಕ್ಕ ತಪ್ಪುತ್ತದೆ. ಸರಿಯಾಗಿ ಕಾಣದಿದ್ದರೆ ಹಲವು ವಾಚುಗಳು ದೀಪವನ್ನು ಇನ್ನೂ ಜೋರು ಮಾಡುತ್ತವೆ, ಅದೂ ಬ್ಯಾಟರಿಯ ಲೆಕ್ಕಕ್ಕೇ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ, ಬಳೆ ಕಡಿಮೆ ಇರುವ ಕೈಗೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ರಕ್ತ ಕಟ್ಟುವಷ್ಟಲ್ಲ! ಮನೆಯಲ್ಲಿ ಮುಂಗೈ ತುಂಬ ಹಚ್ಚೆ ಹಾಕಿಸಿಕೊಂಡ ಅಜ್ಜಿಯರಿದ್ದರೆ ಹಚ್ಚೆಯ ಮೇಲೆ ಕಟ್ಟಬೇಡಿ. ಆ ಬಣ್ಣ ಬೆಳಕನ್ನು ತಡೆದು ನಾಡಿ ಸರಿಯಾಗಿ ಸಿಗದೆ ಹೋಗಬಹುದು. ಬೆವರು, ಸೋಪಿನ ನೊರೆ ಪಟ್ಟಿಯ ಕೆಳಗೆ ನಿಂತರೆ ಚರ್ಮ ಕೆಂಪಾಗಿ ತುರಿಸುತ್ತದೆ. ದಿನಕ್ಕೆರಡು ಸಲ ಬಿಚ್ಚಿ ಒರೆಸಿ.

ಹೇಗೂ ಬಿಚ್ಚುತ್ತೀರಲ್ಲ, ಅದೇ ಚಾರ್ಜಿನ ಹೊತ್ತು. ರಾತ್ರಿಯಿಡೀ ಚಾರ್ಜಿಗೆ ಹಾಕಬೇಕೆನ್ನುವುದು ಮೊಬೈಲಿನಿಂದ ಬಂದ ಅಭ್ಯಾಸ. ಇಷ್ಟು ಚಿಕ್ಕ ಬ್ಯಾಟರಿಗೆ ಅದು ಬೇಡ. ಬೆಳಗ್ಗೆ ಸ್ನಾನ, ದೇವರ ಪೂಜೆ ಮುಗಿಯುವ ತನಕ ಒಂದರ್ಧ ಗಂಟೆ. ರಾತ್ರಿ ಊಟವಾಗಿ ಪಾತ್ರೆ ತೊಳೆದು ಅಡಿಗೆಮನೆ ಒರೆಸುವ ತನಕ ಇನ್ನೊಂದರ್ಧ ಗಂಟೆ. ಎರಡೂ ಹೊತ್ತು ಕೈ ನೀರಿನಲ್ಲಿರುತ್ತದೆ, ವಾಚು ಕೈಯಲ್ಲಿ ಇರದಿದ್ದರೇ ಒಳ್ಳೆಯದು. ಮಲಗುವಾಗ ನೂರು ತುಂಬಿರಬೇಕೆಂಬ ಹಟವೂ ಬೇಡ. ಸಾಮಾನ್ಯ ವಾಚಿಗೆ ಶೇಕಡ 30 ಇದ್ದರೆ ರಾತ್ರಿ ಕಳೆದೀತು. ಆಪಲ್ ವಾಚು ಕೂಡ ಮಲಗುವ ಮುನ್ನ 30ಕ್ಕಿಂತ ಕಡಿಮೆ ಇದ್ದರೆ ಮಾತ್ರ 'ಚಾರ್ಜ್ ಮಾಡಿ' ಎಂದು ಎಚ್ಚರಿಸುತ್ತದೆ. ಸಂಜೆ ಕರೆಂಟು ಕೈಕೊಡುವ ಊರಾದರೆ ಬೆಳಗಿನ ಹೊತ್ತನ್ನೇ ನೆಚ್ಚಿಕೊಳ್ಳಿ.

ಚಾರ್ಜರಿನ ಬಗ್ಗೆ ಒಂದು ಎಚ್ಚರಿಕೆ. ಇದರ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ನಮ್ಮ ಮೇಜಿನ ಮೇಲೆ ಸೀರೆಯ ಪಿನ್ನು, ಹೇರ್‌ಪಿನ್ನು ಇದ್ದೇ ಇರುತ್ತವೆ. ಕರೆಂಟು ಇರುವಾಗ ಒಂದು ಪಿನ್ನು ಹೋಗಿ ಎರಡು ಮೊಳೆಗಳಿಗೂ ಅಡ್ಡವಾಗಿ ಅಂಟಿಕೊಂಡರೆ ಶಾರ್ಟ್ ಆಗುತ್ತದೆ. ಹಾಗಾಗಿ ವಾಚು ತೆಗೆದ ಕೂಡಲೇ ಚಾರ್ಜರನ್ನೂ ಪ್ಲಗ್ಗಿನಿಂದ ಕಿತ್ತಿಡಿ. ಮೊಳೆಗಳಿಗೆ ಬೆವರು ಹತ್ತಿ ಹಸಿರುಗಟ್ಟಿದರೆ ಒಣಬಟ್ಟೆಯಲ್ಲಿ ಒರೆಸಿ. ಒಲೆಯ ಪಕ್ಕ, ಟಿವಿಯ ಮೇಲೆ, ಹಾಸಿಗೆಯ ಮಡಿಕೆಯೊಳಗೆ ಇಟ್ಟು ಚಾರ್ಜ್ ಮಾಡಬೇಡಿ. ಈ ಲಿಥಿಯಂ ಬ್ಯಾಟರಿಗಳಿಗೆ ಬಿಸಿ ಅಂದರೆ ಆಗದು.

ಇಷ್ಟು ಮಾಡಿದರೆ ಬ್ಯಾಟರಿಯ ಸಂಗತಿ ಬಗೆಹರಿಯಿತು. ಈಗ ಕಷ್ಟದ ಪ್ರಶ್ನೆ. ಅದೇ ಗೃಹಿಣಿ ಪತ್ರದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದದ್ದು: "ಮೊನ್ನೆ ಎರಡು ಗಂಟೆಯಿಂದ ನಾಲ್ಕೂವರೆ ತನಕ ಫ್ಯಾನು ನೋಡ್ತಾ ಮಲಗಿದ್ದೆ. ಬೆಳಗ್ಗೆ ವಾಚು, ಆರೂವರೆ ಗಂಟೆ ನಿದ್ದೆ ಮಾಡಿದ್ದೀರಿ ಅಂತು. ನಮ್ಮವರು ನೋಡಿ ನಕ್ಕರು. ಯಾರು ಸರಿ, ನಾನೋ ಅದೋ?"

ನೀವೇ ಸರಿ, ಸೋದರಿ. ಅನುಮಾನವೇ ಬೇಡ.

ಹೇಗೆ ಅಂತೀರಾ? ಎರಡೂವರೆ ಗಂಟೆ ನೀವು ಹೇಗೆ ಮಲಗಿದ್ದಿರಿ ನೆನಪು ಮಾಡಿಕೊಳ್ಳಿ. ಹೊರಳಾಡಿದರೆ ಮಂಚ ಕಿರ್ರೆನ್ನುತ್ತದೆ, ಪಕ್ಕದವರಿಗೆ ಎಚ್ಚರವಾಗುತ್ತದೆ, ಬೆಳಗ್ಗೆ ಅವರಿಗೆ ಕೆಲಸಕ್ಕೆ ಹೋಗಬೇಕು. ಹಾಗಾಗಿ ಕಟ್ಟಿಗೆಯ ಹಾಗೆ ಅಲುಗಾಡದೆ ಮಲಗಿದಿರಿ. ಅಲುಗದ ಕೈಯನ್ನು ಕಂಡರೆ ವಾಚು ನಿದ್ದೆ ಎಂದೇ ಬರೆಯುವುದು. ಕೈಯ ಚಲನೆಯಿಂದ ನಿದ್ದೆ ಅಳೆಯುವ ಪದ್ಧತಿ ವೈದ್ಯರಲ್ಲಿ 1970ರ ದಶಕದಿಂದಲೂ ಇದೆ. ಅದರ ಈ ದೋಷವೂ ಅವರಿಗೆ ಚೆನ್ನಾಗಿ ಗೊತ್ತು: ನಿದ್ದೆ ಮಾಡಿದವರನ್ನು ಅದು ಸರಿಯಾಗಿಯೇ ಗುರುತಿಸುತ್ತದೆ, ಎಚ್ಚರವಾಗಿದ್ದು ಸುಮ್ಮನೆ ಮಲಗಿದವರನ್ನು ಗುರುತಿಸಲು ಸೋಲುತ್ತದೆ. ನಾಡಿಯ ಲೆಕ್ಕ ಸೇರಿಸಿದ ಮೇಲೆ ಸ್ವಲ್ಪ ಸುಧಾರಿಸಿದೆ, ದೋಷ ಪೂರ್ತಿ ಹೋಗಿಲ್ಲ. ಅಂದರೆ ಯಾರಿಗೆ ಸಾಕ್ಷಿ ಎಲ್ಲರಿಗಿಂತ ಹೆಚ್ಚು ಬೇಕಾಗಿದೆಯೋ, ಇತರರ ನಿದ್ದೆ ಕೆಡದಿರಲೆಂದು ಉಸಿರು ಬಿಗಿಹಿಡಿದು ಮಲಗುವ ಹೆಂಗಸು, ಅವಳ ವಿಷಯದಲ್ಲೇ ಈ ಸಾಕ್ಷಿ ಸುಳ್ಳು ಹೇಳುತ್ತದೆ. ನಗುವ ಯಜಮಾನರಿಗೆ ಈ ಪುಟವನ್ನು ಓದಲು ಕೊಡಿ.

ನಿದ್ದೆಯನ್ನು ನಿಜವಾಗಿ ಅಳೆಯುವುದು ಮಣಿಕಟ್ಟಿನಲ್ಲಲ್ಲ, ತಲೆಯಲ್ಲಿ. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು, ನಿದ್ದೆಯ ನಡುವೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹಂತವೊಂದಿದೆ ಎಂದು ತೋರಿಸಿಕೊಟ್ಟರು. ಕನಸುಗಳು ಹೆಚ್ಚಾಗಿ ಆಗಲೇ ಬೀಳುವುದು. ವಾಚಿನಲ್ಲಿ 'ಆರ್‌ಇಎಂ' ಅಥವಾ 'ರೆಮ್' ಅಂತ ಬರುವುದು ಅದೇ. ಆಸ್ಪತ್ರೆಯ ನಿದ್ರಾ ಪ್ರಯೋಗಾಲಯದಲ್ಲಿ ತಲೆಗೆ, ಕಣ್ಣಂಚಿಗೆ, ಗಲ್ಲಕ್ಕೆ ತಂತಿ ಅಂಟಿಸಿ ರಾತ್ರಿಯಿಡೀ ಅಲೆಗಳನ್ನು ಬರೆದುಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ಪ್ರಯೋಗಾಲಯವಿದೆ. ವಾಚಿಗೆ ತಲೆಯ ಸುದ್ದಿ ಗೊತ್ತಿಲ್ಲ. ನಾಡಿ ನಿಧಾನವಾಯಿತು, ಕೈ ನಿಂತಿತು, ಆದ್ದರಿಂದ ಗಾಢ ನಿದ್ದೆ ಇರಬಹುದು ಎಂದು ಊಹೆ ಮಾಡುತ್ತದೆ. ಅನ್ನ ಬೆಂದಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆಯದೆ ವಾಸನೆಯಿಂದ ಹೇಳಿದ ಹಾಗೆ. ಹಲವು ಸಲ ಸರಿಯಾಗಿರುತ್ತದೆ, ಆದರೆ ಅಗುಳು ಹಿಸುಕಿ ನೋಡಿದ ಹಾಗಲ್ಲ.

'ಗಾಢ ನಿದ್ದೆ ಒಂದು ಗಂಟೆ ಹತ್ತು ನಿಮಿಷ ಮಾತ್ರ' ಎಂದು ವಾಚು ತೋರಿಸಿತು ಅಂತ ಹೆದರುವವರಿದ್ದಾರೆ. ಏಳು ಗಂಟೆ ಮಲಗಿದವರಿಗೆ ಅಷ್ಟು ಸಹಜವೇ. ವಯಸ್ಸಾದಂತೆ ಇನ್ನೂ ಕಡಿಮೆಯಾಗುತ್ತದೆ. ರಾತ್ರಿ ಹಲವು ಸಲ ಕ್ಷಣಕಾಲ ಎಚ್ಚರವಾಗುವುದೂ ಸಹಜ, ಬೆಳಗ್ಗೆ ನಮಗೆ ನೆನಪಿರುವುದಿಲ್ಲ ಅಷ್ಟೆ. ಈ ಅಂಕಿಗಳನ್ನು ನೋಡಿ ನೋಡಿ, 'ಇವತ್ತು ಅಂಕ ಕಡಿಮೆ ಬಂತಲ್ಲ' ಎಂಬ ಚಿಂತೆಯಿಂದಲೇ ನಿದ್ದೆ ಕೆಡಿಸಿಕೊಳ್ಳುವವರನ್ನು ಕಂಡು ಅಮೆರಿಕದ ಸಂಶೋಧಕರು 2017ರಲ್ಲಿ ಅದಕ್ಕೆ 'ಆರ್ಥೋಸಾಮ್ನಿಯಾ' ಎಂದು ಹೆಸರನ್ನೇ ಇಟ್ಟರು. ಅದಕ್ಕೂ ಮುಂಚೆ, 2014ರಲ್ಲಿ, ಕೊಲರಾಡೋ ಕಾಲೇಜಿನಲ್ಲಿ ಇನ್ನೊಂದು ತಮಾಷೆಯ ಪ್ರಯೋಗ ನಡೆದಿತ್ತು. ವಿದ್ಯಾರ್ಥಿಗಳಿಗೆ ಸುಮ್ಮನೆ ತಂತಿ ಅಂಟಿಸಿ, ಕೆಲವರಿಗೆ 'ನಿಮ್ಮ ನಿದ್ದೆ ಚೆನ್ನಾಗಿತ್ತು' ಎಂದೂ ಕೆಲವರಿಗೆ 'ಚೆನ್ನಾಗಿರಲಿಲ್ಲ' ಎಂದೂ ಸುಳ್ಳು ಹೇಳಿದರು. ಆಮೇಲೆ ಕೊಟ್ಟ ಪರೀಕ್ಷೆಯಲ್ಲಿ, ಚೆನ್ನಾಗಿರಲಿಲ್ಲ ಅಂತ ಕೇಳಿಸಿಕೊಂಡವರು ಹಿಂದೆ ಬಿದ್ದರು! ಬೆಳಗ್ಗೆ ಎದ್ದ ತಕ್ಷಣ ವಾಚಿನ ಅಂಕಪಟ್ಟಿ ನೋಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮೊದಲು ಕಾಫಿ ಕುಡಿಯಿರಿ, ನಿಮಗೆ ಹೇಗನ್ನಿಸುತ್ತಿದೆ ಕೇಳಿಕೊಳ್ಳಿ. ಆಮೇಲೆ ಬೇಕಾದರೆ ಅದನ್ನು ಕೇಳಿ.

ಹಾಗಾದರೆ ವಾಚನ್ನು ಬೀರುವಿನಲ್ಲಿಡುವುದೇ? ಅಷ್ಟೇನೂ ಬೇಡ. ಎಷ್ಟು ಹೊತ್ತಿಗೆ ಹಾಸಿಗೆಗೆ ಹೋದಿರಿ, ಎಷ್ಟಕ್ಕೆ ಎದ್ದಿರಿ ಎನ್ನುವುದನ್ನು ಅದು ಬಹಳ ಮಟ್ಟಿಗೆ ಸರಿಯಾಗಿ ಹೇಳುತ್ತದೆ. ಅದೇ ದೊಡ್ಡ ವಿಷಯ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಹನ್ನೊಂದೂವರೆಗೆ ಮಲಗಿ, ನಲ್ಲಿಯಲ್ಲಿ ನೀರು ಬರುತ್ತದೆಂದು ನಾಲ್ಕೂವರೆಗೆ ಎದ್ದರೆ, ಹಾಸಿಗೆಯಲ್ಲಿದ್ದದ್ದೇ ಐದು ಗಂಟೆ. ಅದರಲ್ಲಿ ಏಳು ಗಂಟೆ ನಿದ್ದೆಯನ್ನು ಯಾವ ಡಾಕ್ಟರು ತುಂಬಿಸಿಯಾರು? ಒಂದು ತಿಂಗಳ ಈ ಲೆಕ್ಕವನ್ನು ಮನೆಯವರ ಮುಂದಿಡಿ. ನೀರು ಹಿಡಿಯುವ ಸರದಿ ವಾರಕ್ಕೆ ಮೂರು ದಿನ ಬೇರೆಯವರದಾಗಲಿ. ಇದಕ್ಕೆ ವಾಚು ಒಳ್ಳೆಯ ಸಾಕ್ಷಿ, ಉಪಯೋಗಿಸಿಕೊಳ್ಳಿ.

ನಿದ್ದೆ ಬಾರದೆ ಬಿದ್ದುಕೊಂಡ ಹೊತ್ತಿಗೆ ಮಾತ್ರ ಬೇರೆ ಪುಸ್ತಕ ಬೇಕು. ಬ್ಯಾಟರಿಯೇ ಬೇಡದ ಪುಸ್ತಕ. ಎರಡು ವಾರ ಪ್ರತಿ ಬೆಳಗ್ಗೆ ನಾಲ್ಕು ಸಾಲು ಬರೆಯಿರಿ. ಮಲಗಿದ್ದು ಎಷ್ಟಕ್ಕೆ, ಅಂದಾಜು ನಿದ್ದೆ ಹತ್ತಿದ್ದು ಎಷ್ಟಕ್ಕೆ, ನಡುವೆ ಎಷ್ಟು ಸಲ ಎಚ್ಚರವಾಯಿತು ಮತ್ತು ಎಷ್ಟು ಹೊತ್ತು, ಎದ್ದಿದ್ದು ಎಷ್ಟಕ್ಕೆ. ಕಾಫಿ ಯಾವಾಗ ಕುಡಿದಿರಿ, ಸೆಕೆ ಉಕ್ಕಿ ಬಂತೇ, ಕಾಲು ಚಡಪಡಿಸಿತೇ ಎಂಬುದನ್ನೂ ಸೇರಿಸಿ. ರಾತ್ರಿ ಗಡಿಯಾರ ನೋಡಿ ನೋಡಿ ನಿಮಿಷ ಎಣಿಸಬೇಡಿ, ಬೆಳಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ವೈದ್ಯರು ನಿದ್ರಾಹೀನತೆಗೆ ಚಿಕಿತ್ಸೆ ಶುರುಮಾಡುವಾಗ ಕೇಳುವುದು ಇದೇ ದಿನಚರಿಯನ್ನು, ವಾಚಿನ ಚಿತ್ರವನ್ನಲ್ಲ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ನಡೆದಿದ್ದರೆ ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ಆರು ವರ್ಷವಂತೂ ಆಗಿಹೋಗಿದೆ, ಇನ್ನು ತಡ ಮಾಡಬೇಡಿ.

ಕಾರಣಗಳು ಹಲವಿರಬಹುದು. ನಲವತ್ತೇಳು ಅಂದರೆ ಮುಟ್ಟು ನಿಲ್ಲುವ ಕಾಲ. ನಡುರಾತ್ರಿ ಮೈ ಬಿಸಿಯೇರಿ ಬೆವರಿ ಎಚ್ಚರವಾಗುವುದು ಎಷ್ಟೋ ಜನರಿಗೆ ಇದೆ. ಹೇಳಿಕೊಳ್ಳಲು ಸಂಕೋಚ. ಥೈರಾಯಿಡ್ ಹೆಚ್ಚಾದರೂ ನಿದ್ದೆ ಕೆಡುತ್ತದೆ. ಕಬ್ಬಿಣದ ಅಂಶ ಕಡಿಮೆಯಾದರೆ ಮಲಗಿದಾಗ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಅಲುಗಾಡಿಸದೆ ಇರಲಾಗದ ತೊಂದರೆ ಬರಬಹುದು. ರಕ್ತ ಪರೀಕ್ಷೆಯಲ್ಲಿ ಇವೆರಡೂ ಗೊತ್ತಾಗುತ್ತವೆ. ಸಂಜೆ ಆರರ ಕಾಫಿಯನ್ನೂ ಗಮನಿಸಿ. ಅದರ ಕೆಫೀನು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಹನ್ನೊಂದಕ್ಕೆ ಮಲಗುವಾಗಲೂ ಅರ್ಧ ಲೋಟ ಒಳಗೆ ಎದ್ದು ಕೂತಿರುತ್ತದೆ. ಮನಸ್ಸಿನ ಕೊರಗಿನಿಂದ ನಿದ್ದೆ ಹೋಗಿದ್ದರೆ ಸರಕಾರದ 'ಟೆಲಿ ಮಾನಸ್' ಎಂಬ ಸಹಾಯವಾಣಿ ಇದೆ. 2022ರಲ್ಲಿ ಶುರುವಾದದ್ದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮನೆಯವರು ನುಂಗುವ ನಿದ್ದೆ ಮಾತ್ರೆಯನ್ನು ಮಾತ್ರ ನೀವು ನುಂಗಬೇಡಿ. ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಡವಳಿಕೆಯ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿದೆ.

ಮನೆಯಲ್ಲಿ ಯಜಮಾನರು ಜೋರಾಗಿ ಗೊರಕೆ ಹೊಡೆದು, ನಡುವೆ ಸದ್ದು ಪೂರ್ತಿ ನಿಂತು, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾರೆಯೇ? ಹಗಲು ಕೂತಲ್ಲೇ ತೂಕಡಿಸುತ್ತಾರೆಯೇ? ಆಗ ವಾಚಿನ ಆಮ್ಲಜನಕದ ಅಂಕಿ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಹಾಗೆಯೇ ಸೂಜಿ ಚುಚ್ಚದೆ ಸಕ್ಕರೆ ಪ್ರಮಾಣ ಹೇಳುತ್ತೇನೆ ಎನ್ನುವ ವಾಚು, ಉಂಗುರಗಳನ್ನು ನಂಬಿ ಇನ್ಸುಲಿನ್ ಏರಿಸಿ ಇಳಿಸಬೇಡಿ. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತ್ತು.

ಇನ್ನೊಬ್ಬರು ಓದುಗರು ಒಂದು ಸಾಲಿನಲ್ಲಿ ಕೇಳಿದ್ದಾರೆ: "ಎರಡು ವರ್ಷದ ವಾಚು, ಈಗ ಒಂದು ದಿನವೂ ಬರಲ್ಲ. ಬ್ಯಾಟರಿ ಹಾಕಿಸಬಹುದಾ?" ಎಲ್ಲ ಲಿಥಿಯಂ ಬ್ಯಾಟರಿಗಳೂ ತುಂಬಿ ಖಾಲಿಯಾದಂತೆಲ್ಲ ಸವೆಯುತ್ತವೆ. ಆಪಲ್ ಕಂಪನಿ ತನ್ನ ವಾಚಿನ ಬ್ಯಾಟರಿ ಸಾವಿರ ಸಲ ಪೂರ್ತಿ ತುಂಬಿ ಬರಿದಾದ ಮೇಲೂ ಶೇಕಡ 80 ಉಳಿಯುವಂತೆ ಮಾಡಿದ್ದೇವೆ ಎನ್ನುತ್ತದೆ. ಅಗ್ಗದ ವಾಚುಗಳಲ್ಲಿ ಅಷ್ಟು ನಿರೀಕ್ಷಿಸಬೇಡಿ. ಅವುಗಳ ಬೆನ್ನನ್ನು ಗೋಂದು ಹಾಕಿ ಅಂಟಿಸಿರುತ್ತಾರೆ, ಬಿಚ್ಚಿದರೆ ಮತ್ತೆ ನೀರು ತಡೆಯುವುದಿಲ್ಲ. ಹೊಸ ಬ್ಯಾಟರಿ, ಕೂಲಿ ಸೇರಿ ಎಷ್ಟಾಗುತ್ತದೆ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ವಾಚಿನ ಬೆಲೆಯ ಅರ್ಧ ದಾಟಿದರೆ ಬೇಡ. ಪರದೆಯೋ ಬೆನ್ನೋ ಉಬ್ಬಿ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಆ ಕ್ಷಣದಿಂದ ಚಾರ್ಜ್ ಮಾಡಬೇಡಿ, ಕೈಗೆ ಕಟ್ಟಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಕಸದ ಬುಟ್ಟಿಗೂ, ನೀರೊಲೆಗೂ ಹಾಕುವ ಹಾಗಿಲ್ಲ. ಒಂದು ಮಣ್ಣಿನ ಕುಡಿಕೆಯಲ್ಲಿ ಒಣ ಮರಳು ಹಾಕಿ ಅದರಲ್ಲಿಟ್ಟು, ಮನೆಯ ಹೊರಗೆ ನೆರಳಿನಲ್ಲಿಡಿ. ಪೇಟೆಗೆ ಹೋಗುವಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಅಂಗಡಿಗೆ ತಲುಪಿಸಿ.